ಹದಿನೈದು ಇಂಚಿನ ಊಫರು, ಇಪ್ಪತ್ತೈದು ಆಂಪಿಯರ್ ಫ್ಯೂಸು

ಹೋದ ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೈ ತೊಳೀತಿದ್ದೆ. ಬಾಮೈದ ತನ್ನ ಕಾರಿನ ಡಿಕ್ಕಿ ಎತ್ತಿ ಕರೆದ. "ಬನ್ನಿ ಭಾವ, ನಿಮ್ಮ ಹತ್ತಿಂಚಿನ ಊಫರನ್ನ ಇನ್ನು ಗುಜರಿಗೆ ಹಾಕಿ." ಒಳಗೆ ಹೊಚ್ಚ ಹೊಸ 15 ಇಂಚಿನ ಊಫರ್, ಅಂದ್ರೆ ಬೇಸ್ ಸದ್ದಿಗೇ ಇರೋ ಸ್ಪೀಕರ್, ಮನೇಲಿ ರಾಗಿ ಜರಡಿ ಇರುತ್ತಲ್ಲ, ಅಷ್ಟಗಲ. ಹಾಡು ಹಾಕಿದ. ನಂಬರ್ ಪ್ಲೇಟು ಗಡಗಡ, ಡಿಕ್ಕಿ ಬಾಗಿಲು ಬುರ್ರ್. ಎದೆಗೆ ಮಾತ್ರ ಏನೂ ತಾಗಲಿಲ್ಲ. ಪಕ್ಕದಲ್ಲಿದ್ದ ನನ್ನ ಹಳೇ ಕಾರಲ್ಲಿ ಅವನನ್ನ ಕೂರಿಸಿ ಅದೇ ಹಾಡು ಹಾಕಿ ಗಾಜು ಏರಿಸಿದೆ. ಡ್ಯಾಶ್‌ಬೋರ್ಡ್ ಮೇಲಿದ್ದ ಪಾರ್ಕಿಂಗ್ ಚೀಟಿ ಕುಣ್ಕೊಂಡು ಜಾರಿ ಅವನ ತೊಡೆ ಮೇಲೆ ಬಿತ್ತು.

ತಮಟೆಗಿಂತ ಡೊಳ್ಳು ದೊಡ್ಡದು, ಹಂಗಾಗಿ ಊಫರೂ ದೊಡ್ಡದಾದಷ್ಟು ಜೋರು ಅನ್ನೋದು ನಮ್ಮ ತುಮಕೂರಿನ ಹುಡುಗರ ಲೆಕ್ಕ. ಪೂರ್ತಿ ತಪ್ಪೇನಲ್ಲ. ಊಫರ್ ಮಾಡೋದು ಗಾಳಿ ತಳ್ಳೋ ಕೆಲಸ. 10 ಇಂಚಿಗಿಂತ 15 ಇಂಚಿನ ವಿಸ್ತೀರ್ಣ ಎರಡೂಕಾಲು ಪಟ್ಟು. ಆದ್ರೆ ಕೋನು, ಅಂದ್ರೆ ಊಫರ್ ಮುಂದಿನ ಬಟ್ಟಲಿನಂಥ ಭಾಗ, ಎಷ್ಟು ದೂರ ಹಿಂದೆ ಮುಂದೆ ಆಡುತ್ತೆ ಅನ್ನೋದನ್ನೂ ಅದಕ್ಕೆ ಗುಣಿಸಬೇಕು. ಅಗಲ ಇದ್ದು ಅಲ್ಲಾಡದೇ ಇದ್ರೆ ಅದು ಜರಡಿನೇ. ದೊಡ್ಡದರ ನಿಜವಾದ ಲಾಭ ತೀರಾ ಕೆಳಗಿನ ಬೇಸ್‌ನಲ್ಲಿ: 60 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 60 ಸಲ ಅದುರೋದು) ಕೊಟ್ಟಷ್ಟೇ ಸದ್ದನ್ನ 30ರಲ್ಲಿ ಕೊಡೋಕೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು.

ಬಾಮೈದನ ಊಫರ್ ಯಾಕೆ ಅಲ್ಲಾಡ್ತಿರಲಿಲ್ಲ? ಅದನ್ನ ಕೂರಿಸಿರೋ ಡಬ್ಬ ನೋಡಿದೆ. 12 ಇಂಚಿನದಕ್ಕೆ ಅಂತ ಮಾಡಿಟ್ಟ ಡಬ್ಬಕ್ಕೇ ತೂತು ದೊಡ್ಡದು ಮಾಡಿ ಕೂರಿಸಿ ಕಳಿಸಿದ್ದಾನೆ ಅಂಗಡಿಯವನು. ಒಳಗಿನ ಗಾಳಿ ಸ್ಪ್ರಿಂಗ್ ಥರ ಕೋನನ್ನ ಹಿಡಿದು ನಿಲ್ಲಿಸುತ್ತೆ. ಕೆಳಗಿನ ಬೇಸ್ ಸತ್ತು, ಮೇಲೆ ಬರೀ ಗುಂಯ್ ಉಳಿಯುತ್ತೆ.

ಆಮೇಲೆ ಆಂಪ್, ಅಂದ್ರೆ ಊಫರ್‌ಗೆ ಕರೆಂಟ್ ಬಲ ಕೊಡೋ ಪೆಟ್ಟಿಗೆ. ಮೇಲೆ ಬಂಗಾರದ ಬಣ್ಣದಲ್ಲಿ 1200 ವ್ಯಾಟ್ ಅಂತ ಸ್ಟಿಕ್ಕರ್. ಬಗ್ಗಿ ನೋಡಿದ್ರೆ ಇರೋದು 25 ಆಂಪಿಯರ್‌ದು ಒಂದೇ ಫ್ಯೂಸ್. ಇಂಜಿನ್ ಓಡ್ತಿರುವಾಗ ಹೆಚ್ಚುಕಮ್ಮಿ 13.8 ವೋಲ್ಟ್, 25ರಿಂದ ಗುಣಿಸಿದ್ರೆ 345 ವ್ಯಾಟ್. ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತೆ. 1200 ಎಲ್ಲಿಂದ ಬರುತ್ತೆ, ಸಿದ್ಧಗಂಗೆ ಬೆಟ್ಟದಿಂದ ಇಳಿದು ಬರುತ್ತಾ? ಊಫರ್ ಕೊಳ್ಳೋರು ಆರ್‌ಎಂಎಸ್, ಅಂದ್ರೆ ಬಿಡದೆ ನಡೆಯೋ ನಿಜವಾದ ವ್ಯಾಟ್, ಎಷ್ಟು ಅಂತ ಕೇಳಿ, ಮಿಕ್ಕಿದ್ದನ್ನ ಸ್ಟಿಕ್ಕರ್ ಮಾಡಿದವನಿಗೇ ಬಿಡಿ. ವ್ಯಾಟ್ ದುಪ್ಪಟ್ಟು ಮಾಡಿದ್ರೂ ಏರೋದು 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದ್ರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸದ್ದು ಸಾಲಲ್ಲ ಅಂತ ಆಂಪ್‌ನ ಗೇನ್ ತಿರುಪು ತಿರುಗಿಸ್ತಾ ಹೋದ್ರೆ ಊಫರ್ ಒಳಗಿನ ತಂತಿ ಕಾಯಿಲ್ ಸುಟ್ಟ ವಾಸನೆ ಬರೋದೊಂದೇ ಬಾಕಿ.

ನನ್ನ ಹತ್ತಿಂಚೇನು ದೊಡ್ಡ ಕಂಪನಿದಲ್ಲ. ಡಬ್ಬ ಅದಕ್ಕೇ ಅಳತೆ ಮಾಡಿ ಮಾಡಿಸಿದ್ದು, ಗಾಳಿ ಆಡೋಕೆ ಒಂದು ಪೋರ್ಟ್ ಇದೆ, ಅರ್ಥ್ ವೈರನ್ನ ಪೇಂಟ್ ಕೆರೆದು ಕಾರಿನ ಲೋಹದ ಮೈಗೆ ಬಿಗಿದಿದ್ದೀನಿ. ಅಷ್ಟೇ. ನಂಬರ್ ಪ್ಲೇಟಿನ ಹಿಂದೆ ಹಳೇ ಸೈಕಲ್ ಟ್ಯೂಬಿನ ತುಂಡು ಸಿಗಿಸಿದ್ದೂ ಹೇಳ್ಬೇಕು, ಗಡಗಡ ನಿಂತ ಮೇಲೆ ಹಾಡೇ ಬೇರೆ ಥರ ಕೇಳುತ್ತೆ.

ಬಾಮೈದ ಹಠ ಬಿಡಲಿಲ್ಲ. ಮೊನ್ನೆ ಬಡಗಿ ಹತ್ರ ಹೋಗಿ 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಹೊಸ ಡಬ್ಬಕ್ಕೆ ಅಳತೆ ಬರೆಸಿದ್ವಿ. ಒಳಗೇ 3 ಘನ ಅಡಿ, ಅಂದ್ರೆ ಸುಮಾರು 85 ಲೀಟರ್. ಅಳತೆ ಚೀಟಿ ಹಿಡ್ಕೊಂಡು ಮನೆಗೆ ಬಂದ್ರೆ ಅವನ ಹೆಂಡ್ತಿ ಟೇಪ್ ಹಿಡಿದು ಡಿಕ್ಕಿ ಅಳೆದ್ಲು. "ಊರಿಂದ ಅಕ್ಕಿ ಮೂಟೆ ತರ್ಬೇಕಲ್ರೀ, ಅದನ್ನ ನನ್ನ ತೊಡೆ ಮೇಲೆ ಇಟ್ಕೋಬೇಕಾ?"

ನನ್ನ ಹಳೇ ಡಬ್ಬದ ಅಳತೆ ಕೇಳಿ ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾನೆ.