ಕಾರಿಲ್ಲದೆ ಕಾರಿದ ಕಥೆ

ನಮ್ಮ ಮನೆಯಲ್ಲಿ ಕಾರಿಲ್ಲ. ದುಡ್ಡಿನ ತಾಪತ್ರಯ ಅಂತ ಅಲ್ಲ, ನನ್ನ ತಾಪತ್ರಯ. ಸಣ್ಣಂದಿನಿಂದಲೂ ನಾಲ್ಕು ಚಕ್ರದ್ದು ಯಾವುದನ್ನು ಹತ್ತಿದರೂ ಎರಡನೇ ತಿರುವಿಗೆ ಬಾಯಲ್ಲಿ ನೀರು ಒಸರುತ್ತದೆ, ಮೂರನೆಯದಕ್ಕೆ ಕಿಟಕಿ ಬೇಕಾಗುತ್ತದೆ. ಏಳನೇ ಕ್ಲಾಸಿನಲ್ಲಿ ಮಡಿಕೇರಿಗೆ ಟೂರ್ ಹೋದಾಗ ಸಂಪಾಜೆ ಘಾಟಿಯಲ್ಲಿ ನಾನು ಮಾಡಿದ ಸಾಧನೆಯನ್ನು ಕ್ಲಾಸಿನವರು ಈಗಲೂ ಮದುವೆ ಮನೆಗಳಲ್ಲಿ ನೆನೆಯುತ್ತಾರೆ. ಅದೂ ಊಟದ ಪಂಕ್ತಿಯಲ್ಲಿ ಕೂತು. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಕುಂಬಳೆಗೆ ಹೋಗುವ ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡರೆ ಟಿಕೆಟ್ ಕೊಡುವ ಮೊದಲು ಕಿಟಕಿ ಸೀಟು ಬಿಡಿಸಿ ಕೊಡುತ್ತಾನೆ. ಮಾಷ್ಟ್ರು ಅನ್ನುವ ಮರ್ಯಾದೆಗೆ ಅಲ್ಲ.

ಇಂಥವನಿಗೆ ವಿಮಾನದ ಹುಚ್ಚು. ಶಾಲೆಯಲ್ಲಿ ಗಣಿತ ಹೇಳಿಕೊಡುವಾಗ ಮೇಲೆ ಸದ್ದು ಕೇಳಿದರೆ ಮಕ್ಕಳಿಗಿಂತ ಮೊದಲು ಕಿಟಕಿಗೆ ಓಡುತ್ತಿದ್ದವನು ನಾನು. ಈಗ ನಿವೃತ್ತಿ ಆಗಿದೆ. ಕಂಪ್ಯೂಟರಿನ ಸಿಮ್ಯುಲೇಟರ್ ಆಟದಲ್ಲಿ ವಿಮಾನ ಹಾರಿಸುತ್ತಾ ಸುಮ್ನೆ ಕೂತಿದ್ದೆ. ಪರದೆ ನೋಡಿಕೊಂಡು ಹಾರಿಸುವಾಗ ಏನೂ ತೊಂದರೆ ಇರಲಿಲ್ಲ. ಕಳೆದ ರಜೆಗೆ ಬೆಂಗಳೂರಿನ ಅಳಿಯ, ನನ್ನ ತಂಗಿಯ ಮಗ, ಬಂದವನು ಕಣ್ಣಿಗೆ ಪರದೆ ಕಟ್ಟಿಕೊಳ್ಳುವ ತನ್ನ ಹಳೆಯ ವಿ.ಆರ್. ಹೆಡ್‌ಸೆಟ್ ತಂದು ಮೇಜಿನ ಮೇಲಿಟ್ಟ.

"ಮಾವ, ಇದನ್ನು ಹಾಕಿಕೊಂಡ್ರೆ ಕಾಕ್‌ಪಿಟ್ಟಲ್ಲೇ ಕೂತ ಹಾಗೆ. ಕುರ್ಚಿ ಅಲುಗೋದಿಲ್ಲ, ಮನೆ ಅಲುಗೋದಿಲ್ಲ. ಮತ್ತೆ ವಾಂತಿ ಎಲ್ಲಿಂದ ಬರ್ತದೆ?"

ಲೆಕ್ಕ ಸರಿಯಾಗಿಯೇ ಇತ್ತು. ಒಪ್ಪಿದೆ.

ದಾರಿಯನ್ನೂ ಆಗಲೇ ಗೊತ್ತು ಮಾಡಿದೆ. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಯಿಂದ ಎದ್ದು ಕಣ್ಣೂರಿಗೆ. ಸಮುದ್ರದ ಬದಿಗೆ ಹೋಗಿ ಎಡಕ್ಕೆ ತಿರುಗುವುದು. ನೇತ್ರಾವತಿ, ತಲಪಾಡಿ, ಮಂಜೇಶ್ವರ, ಕುಂಬಳೆ. ಕುಂಬಳೆಯಲ್ಲಿ ಇನ್ನೊಮ್ಮೆ ಎಡಕ್ಕೆ ತಿರುಗಿದರೆ ನಮ್ಮ ಮನೆ. ಬಸ್ಸಿನ ದಾರಿಯೇ, ಹೆದ್ದಾರಿ ಕೆಲಸದ ಧೂಳಿಲ್ಲ ಅಷ್ಟೇ. ನಮ್ಮ ತೋಟವನ್ನು ಮೇಲಿಂದ ಒಮ್ಮೆ ನೋಡಬೇಕು ಅನ್ನುವುದು ನನ್ನ ಬಹಳ ಕಾಲದ ಆಸೆ.

ಹೆಡ್‌ಸೆಟ್ ಅರ್ಧ ಕಿಲೋ ತೂಕ. ಅಳಿಯ ಪಟ್ಟಿ ಬಿಗಿದು, ಸಡಿಲಿಸಿ, ಮತ್ತೆ ಬಿಗಿಯುವಾಗ ನಾನು ಯಕ್ಷಗಾನದ ಚೌಕಿಯಲ್ಲಿ ಕಿರೀಟ ಕಟ್ಟಿಸಿಕೊಳ್ಳುವ ವೇಷಧಾರಿಯ ಹಾಗೆ ಕತ್ತು ನೆಟ್ಟಗೆ ಮಾಡಿ ಕೂತಿದ್ದೆ. ಕಣ್ಣು ಬಿಟ್ಟರೆ, ಅಬ್ಬಾ, ಸೆಸ್ನಾ 172 ಎಂಬ ಪುಟ್ಟ ವಿಮಾನದ ಒಳಗಿದ್ದೇನೆ! ಬಗ್ಗಿದರೆ ಪೆಡಲು. ಬಲಕ್ಕೆ ತಿರುಗಿದರೆ ಖಾಲಿ ಸೀಟು. ಎಲ್ಲ ಉಂಟು, ನನ್ನ ಕೈ ಮಾತ್ರ ಇಲ್ಲ. ಕೈ ಎಲ್ಲಿ ಹೋಯಿತು ಅಂತ ತಡಕಿದಾಗ ಮೇಜಿನ ಮೇಲಿದ್ದ ಕಾಫಿ ಲೋಟಕ್ಕೆ ತಾಗಿತು. ಮೊದಲ ಅವಾಂತರ ಹಾರುವ ಮೊದಲೇ ಆಯಿತು.

ಮಂಗಳೂರಿನ ರನ್‌ವೇ 2450 ಮೀಟರ್ ಉದ್ದ. ಈ ಪುಟ್ಟ ವಿಮಾನಕ್ಕೆ ಅದರ ಕಾಲು ಭಾಗವೂ ಬೇಡ. ವೇಗ 55 ನಾಟ್ ಮುಟ್ಟಿದಾಗ ಮೂತಿ ಎತ್ತಬೇಕು. ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್. ನಮ್ಮೂರ ಲೈನ್ ಬಸ್ಸಿನ ಡ್ರೈವರುಗಳಿಗೆ ಇದೇನೂ ಹೊಸತಲ್ಲ, ಅವರು ಮೂತಿ ಎತ್ತುವುದಿಲ್ಲ ಅಷ್ಟೇ. ಆ ರನ್‌ವೇ ಇರುವುದು ಗುಡ್ಡದ ತಲೆಯ ಮೇಲೆ. ಹಾಗಾಗಿ ಗುಡ್ಡ ಮುಗಿದ ಕೂಡಲೇ ನೆಲ ಕಾಲಡಿಯಿಂದ ದಢಕ್ಕನೆ ಇಳಿದು ಹೋಗುತ್ತದೆ. ನನ್ನ ಹೊಟ್ಟೆಯೂ ಅದರ ಜೊತೆಗೆ ಹೊರಟಿತು.

ವಿಮಾನವನ್ನು ಎಡಕ್ಕೆ ವಾಲಿಸಿ, ನೇತ್ರಾವತಿ ಎಲ್ಲಿ ಅಂತ ಹಿಂದಕ್ಕೆ ಕತ್ತು ತಿರುಗಿಸಿದೆ. ಆಕಳಿಕೆ ಬಂತು. ರಾತ್ರಿ ನಿದ್ದೆ ಸಾಲಲಿಲ್ಲ ಅಂದುಕೊಂಡೆ. ಹಣೆಯಲ್ಲಿ ತಣ್ಣನೆ ಬೆವರು. ಸೆಕೆ ಅಂದುಕೊಂಡೆ. ಬಾಯಲ್ಲಿ ನೀರು ಒಸರಿತು. ಇದು ಸಂಪಾಜೆಯ ನೀರೇ ಅಂತ ಗುರುತು ಸಿಗುವಾಗ ಹೊತ್ತು ಮೀರಿತ್ತು. ಈ ಸಲವೂ ಕಿಟಕಿ ಸೀಟೇ, ಆದರೆ ಅದು ವಿಮಾನದ ಕಿಟಕಿ. ಹೆಡ್‌ಸೆಟ್ ಕಿತ್ತು ಎದ್ದರೆ ಬಾಗಿಲು ಯಾವ ಕಡೆ ಅಂತ ಹೊಳೆಯಲಿಲ್ಲ. ಹೇಗೋ ಅಂಗಳಕ್ಕೆ ಓಡಿ, ಒಣಗಲು ಹಾಕಿದ ಅಡಿಕೆಯ ಮೇಲೆ ಜಾರಿ, ತುಳಸಿಕಟ್ಟೆಯನ್ನು ಉಳಿಸಿ, ದಾಸವಾಳದ ಬುಡಕ್ಕೆ ಕಾರಿದೆ. ಕಾರಿಲ್ಲದೆ ಕಾರಿದ್ದು ಜೀವನದಲ್ಲಿ ಅದೇ ಮೊದಲು.

"ಎಂತಾಯ್ತಾ?" ಅಂತ ಅಮ್ಮ ಒಳಗಿಂದ ಓಡಿ ಬಂದಳು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಕೆಲಸದ ಅಕ್ಕ "ದಾದಾಂಡ್ ಮಾಷ್ಟ್ರೆ?" ಅಂದರು. ಬೇಲಿಯಾಚೆಯಿಂದ ಹಾಜಿಯವರು "ಎಂದ್ ಪಟ್ಟಿ ಮಾಷೇ?" ಅಂತ ಕೂಗಿದರು. ಗಡಿನಾಡಿನಲ್ಲಿ ಒಂದು ವಾಂತಿಗೆ ಮೂರು ಭಾಷೆಯಲ್ಲಿ ಲೆಕ್ಕ ಒಪ್ಪಿಸಬೇಕು. ನಾನು ಮೂವರಿಗೂ "ವಿಮಾನ" ಅಂದೆ. ಮೂವರೂ ಆಕಾಶ ನೋಡಿದರು.

ಅಮ್ಮನ ಎರಡನೇ ಪ್ರಶ್ನೆ, "ನಿನ್ನೆ ಪೇಟೆಯಲ್ಲಿ ಎಂತ ತಿಂದಿ?"

ಇದರ ಬಗ್ಗೆ ಆಮೇಲೆ ಓದಿದಾಗ ನನಗೆ ಆಶ್ಚರ್ಯವಾಯಿತು. ಒಳಗಿವಿಯಲ್ಲಿ ಅರ್ಧವೃತ್ತದ ಮೂರು ಕೊಳವೆಗಳಿವೆ, ಅವುಗಳ ಒಳಗೆ ದ್ರವ. ಮೇಸ್ತ್ರಿಯ ರಸಮಟ್ಟ ಇದ್ದ ಹಾಗೆ. ತಲೆ ತಿರುಗಿಸಿದರೆ ಅದು ಅಲುಗಿ ಮಿದುಳಿಗೆ ಸುದ್ದಿ ಕೊಡುತ್ತದೆ. ಬಸ್ಸಿನಲ್ಲಿ ಅಲುಗಾಟ ಕಿವಿಗೆ ಗೊತ್ತಾಗುತ್ತದೆ, ಎದುರಿನ ಸೀಟನ್ನೇ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ವಿ.ಆರ್.ನಲ್ಲಿ ಉಲ್ಟಾ. ಕಣ್ಣು "ವಾಲಿದೆವು, ವಾಲಿದೆವು" ಅನ್ನುತ್ತದೆ, ಕಿವಿ "ಎಲ್ಲಿ ಮಾರಾಯ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೇವೆ" ಅನ್ನುತ್ತದೆ. ಈ ಜಗಳ ಯಾಕೆ ಹೊಟ್ಟೆಗೆ ಹೋಗಬೇಕು? 1977ರಲ್ಲಿ ಟ್ರೈಸ್ಮನ್ ಎಂಬ ವಿಜ್ಞಾನಿ ಒಂದು ಊಹೆ ಮುಂದಿಟ್ಟ. ಕಣ್ಣು ಕಿವಿಗೆ ತಾಳಮೇಳ ತಪ್ಪಿದರೆ ಮಿದುಳು ಏನೋ ವಿಷ ಹೊಟ್ಟೆಗೆ ಸೇರಿದೆ ಅಂದುಕೊಂಡು ಹೊರಗೆ ಹಾಕಿಸುತ್ತದಂತೆ. ಅಂದರೆ ಮಿದುಳು ಕೇಳುವುದೂ ಅಮ್ಮನ ಪ್ರಶ್ನೆಯನ್ನೇ. ಎಂತ ತಿಂದಿ?

ಒಳಗಿವಿ ಪೂರ್ತಿ ಕೆಟ್ಟವರಿಗೆ ಈ ಕಾಯಿಲೆ ಬರುವುದೇ ಇಲ್ಲವಂತೆ. ನನ್ನದು ಲಾಯಕ್ಕಾಗಿದೆ ಅಂತ ಆಯಿತಲ್ಲ. 1961ರ ಆಗಸ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋದ ಗೆರ್ಮನ್ ಟಿಟೋವ್ ಅಲ್ಲಿ ವಾಂತಿ ಮಾಡಿದ ಮೊದಲ ಮನುಷ್ಯ. ಸಂಪಾಜೆಯ ಕಥೆ ಎತ್ತುವವರಿಗೆ ಈಗ ಅವನ ಹೆಸರು ಹೇಳುತ್ತೇನೆ.

ಅಳಿಯ ಊರಿಗೆ ಹೋದವನು ಫೋನಿನಲ್ಲಿ ಚಿಕಿತ್ಸೆ ಶುರು ಮಾಡಿದ. "ಮಾವ, ನಿಮ್ಮ ಎರಡು ಕಣ್ಣಿನ ಪಾಪೆಗಳ ಮಧ್ಯೆ ಎಷ್ಟು ಮಿಲಿಮೀಟರ್?" ಇಷ್ಟು ವರ್ಷ ಬದುಕಿದ್ದೇನೆ, ಹೆಣ್ಣು ನೋಡಲು ಹೋದಾಗಲೂ ಯಾರೂ ಇದನ್ನು ಕೇಳಿರಲಿಲ್ಲ. ಇವಳು, ಅಂದರೆ ನನ್ನ ಹೆಂಡತಿ, ನನ್ನ ಹಳೆಯ ಶಾಲೆಯ ಸ್ಕೇಲನ್ನು ಮೂಗಿನ ಮೇಲೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, "ನಗಬೇಡಿ, ಸ್ಕೇಲು ಕುಣೀತದೆ" ಅಂತ ಗದರಿಸಿ ಅಳೆದಳು. 67. ಹೆಡ್‌ಸೆಟ್ಟಿನ ಮಸೂರಗಳು 58ರಲ್ಲಿದ್ದವು. ಅದೇ ಕಣ್ಣಿಗೆ ಅರ್ಧ ಆಯಾಸ. ಅಳಿಯನ ಕಣ್ಣುಗಳೂ ನನ್ನಷ್ಟೇ ದೂರ ದೂರ ಇವೆ. ಹಾಗಾದರೆ 58ರಲ್ಲಿ ಇಟ್ಟುಕೊಂಡಿದ್ದವರು ಯಾರು ಅಂತ ಕೇಳಿದೆ. ಅಳಿಯ ಮಾತು ಬದಲಿಸಿದ. ತಂಗಿಗೆ ನಾನಿನ್ನೂ ಈ ವಿಷಯ ಹೇಳಿಲ್ಲ.

ಇನ್ನೊಂದು ತಪ್ಪು ಕಂಪ್ಯೂಟರಿನದ್ದು. ಇಂಥ ಹೆಡ್‌ಸೆಟ್ಟಿಗೆ ಸೆಕೆಂಡಿಗೆ 72ರಿಂದ 90 ಚಿತ್ರ ಬೇಕು. ನನ್ನದು ಏದುಸಿರು ಬಿಟ್ಟುಕೊಂಡು 25 ಕೊಡುತ್ತಿತ್ತು. ತಲೆ ಮುಂದೆ, ಚಿತ್ರ ಹಿಂದೆ. ನೆರಳು ಕಡಿಮೆ ಮಾಡಿ, ಮರ ಕಡಿಮೆ ಮಾಡಿ ಅಂದ ಅಳಿಯ. ಮೂರು ತಲೆಮಾರಿನಿಂದ ಅಡಿಕೆ ನೆಟ್ಟ ಮನೆಯವನು, ಮರ ಕಡಿಯುವ ಗುಂಡಿ ಒತ್ತುವಾಗ ಕೈ ನಡುಗಿತು.

ಉಳಿದದ್ದು ಪಥ್ಯ. ದಿನಕ್ಕೆ ಐದೇ ನಿಮಿಷ. ಆಕಳಿಕೆ ಬಂತೋ, ತೆಗೆದಿಡುವುದು. ತಡೆದುಕೊಂಡರೆ ಅಭ್ಯಾಸ ಆಗುತ್ತದೆ ಅನ್ನುವುದು ಸುಳ್ಳು, ತಡೆದುಕೊಂಡರೆ ಮರುದಿನ ಹೆಡ್‌ಸೆಟ್ ಕಂಡರೇ ಓಕರಿಕೆ ಬರುತ್ತದೆ. ತಿರುಗುವಾಗ ಕತ್ತು ಆಡಿಸದೆ ದೂರದ ದಿಗಂತ ನೋಡುವುದು. ಮುಖಕ್ಕೆ ಫ್ಯಾನ್ ಗಾಳಿ. ಮೊದಲು ಅಮ್ಮನ ಶುಂಠಿ ತಂಬುಳಿ ಒಂದು ಲೋಟ. ಮಾತ್ರೆಯನ್ನೂ ಒಮ್ಮೆ ನೋಡಿದೆ. ವಾಂತಿ ಬರಲಿಲ್ಲ, ನಿದ್ದೆ ಬಂತು. ಎಚ್ಚರವಾದಾಗ ಸುತ್ತಲೂ ಅರಬ್ಬೀ ಸಮುದ್ರ, ಆಟೋಪೈಲಟ್ ಲಕ್ಷದ್ವೀಪದ ಕಡೆಗೆ ಹೊರಟಿತ್ತು. ಇವಳು, ನಾನು ಧ್ಯಾನಕ್ಕೆ ಕೂತಿದ್ದೇನೆ ಅಂದುಕೊಂಡು ಟಿವಿಯ ಶಬ್ದ ತಗ್ಗಿಸಿದ್ದಳು.

ಆಗ ಓದಿದ್ದು ಎಡ್ವಿನ್ ಲಿಂಕ್ ಎಂಬ ಅಮೆರಿಕದವನ ಕಥೆ. ನೆಲದ ಮೇಲೆಯೇ ಹಾರಲು ಕಲಿಸುವ ಪೆಟ್ಟಿಗೆಯನ್ನು ಅವನು 1929ರಲ್ಲಿ ಮಾಡಿದ. ಅಪ್ಪನದ್ದು ಆರ್ಗನ್ ವಾದ್ಯದ ಕಾರ್ಖಾನೆ. ಅಲ್ಲಿಯ ಗಾಳಿ ತಿದಿಗಳನ್ನೇ ಕೆಳಗಿಟ್ಟು ಪೆಟ್ಟಿಗೆ ವಾಲುವಂತೆ ಮಾಡಿದ್ದ. ಅದರಲ್ಲಿ ಕೂತವನ ಕಿವಿಗೂ ಒಂದು ಪಾಲು ಸಿಗುತ್ತಿತ್ತು. ನನ್ನ ಕಿವಿಗೆ ಮಾತ್ರ ಏನೂ ಇಲ್ಲ, ಅಲ್ವಾ? ಮನೆಯಲ್ಲಿ ಆರ್ಗನ್ ಇಲ್ಲ, ಮಗ ಇದ್ದಾನೆ. ಅವನನ್ನು ಕುರ್ಚಿಯ ಹಿಂದೆ ನಿಲ್ಲಿಸಿದೆ. ಪರದೆ ನೋಡುತ್ತಿರು, ವಿಮಾನ ಎಡಕ್ಕೆ ವಾಲಿದರೆ ಕುರ್ಚಿಯನ್ನು ಎಡಕ್ಕೆ ವಾಲಿಸು, ಬಲಕ್ಕೆ ವಾಲಿದರೆ ಬಲಕ್ಕೆ.

ಎರಡು ನಿಮಿಷ ಸುಖವಾಗಿತ್ತು. ನಿಜಕ್ಕೂ ಹಾರುತ್ತಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ಮಗನ ಮೊಬೈಲ್ ಗುಂಯ್ ಅಂದಿತು. ವಿಮಾನ ಎಡಕ್ಕೆ, ಕುರ್ಚಿ ಬಲಕ್ಕೆ. ಮೊದಲು ಕಣ್ಣು ಕಿವಿಗೆ ಬರೀ ಭಿನ್ನಾಭಿಪ್ರಾಯ ಇತ್ತು, ಈಗ ಹೊಡೆದಾಟವೇ ಆಯಿತು. ಕುರ್ಚಿಯ ಕಾಲು ಲಟಕ್ ಅಂದಿತು. ಮೂರು ಸಾವಿರ ಅಡಿಯಿಂದ ನೇರವಾಗಿ ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದೆ. ಮೇಲಿಂದ ವಿಮಾನ ಮಾತ್ರ ಅದರ ಪಾಡಿಗೆ ಉಳ್ಳಾಲ ದಾಟುತ್ತಿತ್ತು.

ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದವರು ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗಾರ ಅಣ್ಣ. ಐವತ್ತು ಅಡಿ ಎತ್ತರದಲ್ಲಿ ಅಡಿಕೆ ಮರವನ್ನು ತೂಗಿ ತೂಗಿ ಪಕ್ಕದ ಮರಕ್ಕೆ ದಾಟುವವರು. ಕೆಳಗಿಂದ ನೋಡುವ ನಮಗೇ ತಲೆ ಗಿರ್ರ್ ಅನ್ನುತ್ತದೆ, ಅವರಿಗೆ ಏನೂ ಇಲ್ಲ. "ಒಮ್ಮೆ ನನಗೂ ಕೊಡಿ ಮಾಷ್ಟ್ರೆ" ಅಂದರು. ಕೊಟ್ಟೆ. ಒಂದು ನಿಮಿಷ ಆಗಿರಲಿಲ್ಲ, ಎರಡೂ ಕೈಯಲ್ಲಿ ಮೇಜನ್ನು ತಬ್ಬಿ ಹಿಡಿದು ಕೂಗಿದರು. "ಮಾಷ್ಟ್ರೆ, ಇದೆಂತ ಇದು, ಮರ ಅಲುಗುವುದೇ ಇಲ್ಲ!"

ಎಷ್ಟೋ ಪುಟ ಓದಿ ನಾನು ತಿಳಿದದ್ದನ್ನು ಅವರು ಒಂದೇ ಮಾತಲ್ಲಿ ಹೇಳಿದರು. ಮರ ತೂಗಿದರೆ ಕಣ್ಣೂ ತೂಗಬೇಕು, ಮೈಯೂ ತೂಗಬೇಕು. ಆ ದಿನ ಅವರು ಲಿಂಬೆ ಶರಬತ್ತು ಕುಡಿದು ಜಗಲಿಯಲ್ಲೇ ಮಲಗಿದರು. ಕೊನೆ ತೆಗೆಯಲಿಲ್ಲ. ಪೂರ್ತಿ ಸಂಬಳ ಕೊಟ್ಟೆ, ತಪ್ಪು ನನ್ನದಲ್ವಾ.

ಐದು ಐದು ನಿಮಿಷ ಕೂಡಿಸುತ್ತಾ ಒಂದು ತಿಂಗಳಾಗುವಾಗ ಇಪ್ಪತ್ತು ನಿಮಿಷ ತಡೆಯುವ ಹಾಗಾಯಿತು. ಒಂದು ಮಧ್ಯಾಹ್ನ ತಲಪಾಡಿ ದಾಟಿತು, ಮಂಜೇಶ್ವರ ದಾಟಿತು, ಬಾಯಲ್ಲಿ ನೀರಿಲ್ಲ. ಕುಂಬಳೆಯಲ್ಲಿ ಮೆಲ್ಲ ಎಡಕ್ಕೆ ತಿರುಗಿದೆ. ಬಂತು ನಮ್ಮ ಮನೆ! ಆದರೆ ಸಿಮ್ಯುಲೇಟರ್ ಉಪಗ್ರಹದ ಫೋಟೋವನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮನೆಗಳನ್ನು ಅಂದಾಜಿನಲ್ಲಿ ಕಟ್ಟುತ್ತದೆ. ನಮ್ಮ ಹೆಂಚಿನ ಮನೆಯ ಜಾಗದಲ್ಲಿ ಮೂರು ಮಾಳಿಗೆಯ ತಾರಸಿ ಕಟ್ಟಡ ನಿಂತಿತ್ತು. ಇವಳು ಪರದೆಯಲ್ಲಿ ಇಣುಕಿ "ಇದರ ಸಾಲ ಕಟ್ಟುವುದು ಯಾರು?" ಅಂದಳು.

ಅಮ್ಮನಿಗೂ ನೋಡಬೇಕಂತೆ. ಎಪ್ಪತ್ತಾರು ವರ್ಷ. ಬೇಡ ಅಂದರೆ ಕೇಳಬೇಕಲ್ಲ. ತುರುಬಿನ ಮೇಲಿಂದ ಪಟ್ಟಿ ಕಟ್ಟಿದೆ. ಜಾಯ್‌ಸ್ಟಿಕ್ ನನ್ನ ಕೈಯಲ್ಲಿ. ನಾನು ಬಕೆಟ್ ಹತ್ತಿರವೇ ಇಟ್ಟುಕೊಂಡೆ. ಅಮ್ಮ ದೇವಸ್ಥಾನದ ಜಾತ್ರೆ ನೋಡುವ ಹಾಗೆ ಕೈಕಟ್ಟಿ ಕೂತು, ಬಾವಿ ಎಲ್ಲಿ, ಹಟ್ಟಿ ಎಲ್ಲಿ ಅಂತ ವಿಚಾರಿಸಿದಳು. ಓಕರಿಕೆಯೂ ಇಲ್ಲ, ಆಕಳಿಕೆಯೂ ಇಲ್ಲ. ಇದ್ದಕ್ಕಿದ್ದಂತೆ "ಅಯ್ಯೋ, ಪಡುವಲಲ್ಲಿ ಮೋಡ ಕಟ್ಟಿದೆ, ಅಡಿಕೆ!" ಅಂತ ಹೆಡ್‌ಸೆಟ್ ಸಮೇತ ಎದ್ದಳು.

ಸಿಮ್ಯುಲೇಟರಿಗೆ ಆ ಹೊತ್ತಿನ ನಿಜ ಹವಾಮಾನ ಇಂಟರ್‌ನೆಟ್ಟಿನಿಂದ ಬರುತ್ತದೆ ಅಂತ ನಾನು ವಿವರಿಸುವ ಮೊದಲೇ ಎಲ್ಲರೂ ಅಂಗಳದಲ್ಲಿದ್ದೆವು. ಅಡಿಕೆ ಬಾಚಿ, ಗೋಣಿಗೆ ತುಂಬಿ, ಜಗಲಿಗೆ ಎಳೆದು ಹಾಕಿದೆವು. ಮೇಲೆ ಸುಡುಬಿಸಿಲು. ಹಾಜಿಯವರು ಬೇಲಿಯಾಚೆಯಿಂದ ಪಾಪ ಅನ್ನುವ ಹಾಗೆ ನೋಡಿದರು. ಅವರ ಅಡಿಕೆ ಅಂಗಳದಲ್ಲೇ ಇತ್ತು. ಮುಕ್ಕಾಲು ಗಂಟೆ ಕಳೆದು ಮಳೆ ಹೊಯ್ದಾಗ ಅವರು ಓಡಿದ ಓಟ ನೋಡಬೇಕಿತ್ತು.

ಈಗ ದಿನಾ ಬೆಳಗ್ಗೆ ಅಡಿಕೆ ಹರಡುವ ಮೊದಲು ಅಮ್ಮ ತಂಬುಳಿಯ ಲೋಟ ಹಿಡಿದು ನಿಲ್ಲುತ್ತಾಳೆ. "ಒಮ್ಮೆ ಮೇಲೆ ಹೋಗಿ ನೋಡಿ ಬಾ, ಮೋಡ ಉಂಟಾ ಅಂತ. ಹಾಜಿಯವರೂ ಕೇಳಿದ್ದಾರೆ."

ನಾನು ಹೋಗಿ ಬರುತ್ತೇನೆ. ಐದು ನಿಮಿಷ, ಅಷ್ಟೇ.