ಬಿ.ಎಸ್ಸಿ.ಗೆ ಭೌತಶಾಸ್ತ್ರ ತೆಗೆದುಕೊಳ್ಳಬೇಕೇ?

ಪರ

ಸೋಡಿಯಂ ದೀಪ ಹಚ್ಚಿದ ಕೂಡಲೇ ಹಳದಿಯಾಗುವುದಿಲ್ಲ. ಮೊದಲು ಕೆಂಪಗೆ ಮಿಣುಕುತ್ತದೆ, ಕೆಲವು ನಿಮಿಷ ಕಾದರೆ ಬಣ್ಣ ತಿರುಗುತ್ತದೆ. ಕೋಲಾರದಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲಿ ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಆ ಬೆಳಕಿನಲ್ಲಿ ನ್ಯೂಟನ್ ಉಂಗುರಗಳನ್ನು, ಅಂದರೆ ಮಸೂರಕ್ಕೂ ಗಾಜಿನ ತಟ್ಟೆಗೂ ನಡುವೆ ಮೂಡುವ ಬೆಳಕು-ಕತ್ತಲೆಯ ಬಳೆಗಳನ್ನು, ಅಳೆದು, ತರಂಗಾಂತರ 640 ನ್ಯಾನೋಮೀಟರ್ ಎಂದು ಬರೆದಳು. ಬರಬೇಕಿದ್ದದ್ದು 589. ಪಕ್ಕದವರ ಪುಟ ನೋಡಿ ತಿದ್ದಿಕೊಳ್ಳಬಹುದಿತ್ತು. ತಿದ್ದಲಿಲ್ಲ, ಮತ್ತೆ ಅಳೆದಳು. ಸೂಕ್ಷ್ಮದರ್ಶಕದ ತಿರುಪನ್ನು ನಡುವೆ ಹಿಂದಕ್ಕೆ ತಿರುಗಿಸಿದ್ದಳು. ತಿರುಪಿನ ಎಳೆಗಳ ಸಡಿಲವೆಲ್ಲ ಅಳತೆಯೊಳಗೆ ಸೇರಿಕೊಂಡಿತ್ತು. ಅದನ್ನು ಪತ್ತೆ ಹಚ್ಚಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಭೌತಶಾಸ್ತ್ರ ಓದಿ ಎಂದು ನಾನು ಹೇಳುವುದು ಆ ಮಧ್ಯಾಹ್ನಕ್ಕಾಗಿ. ತನ್ನ ತಪ್ಪು ಎಲ್ಲಿ ಕೂತಿದೆ ಎಂದು ತಾನೇ ಹುಡುಕಿ ತೆಗೆದವಳು ಮುಂದೆ ಬ್ಯಾಂಕಿಗೆ ಹೋದರೂ ಅದನ್ನು ಮರೆಯುವುದಿಲ್ಲ.

ಇದು ನಮ್ಮ ಜಿಲ್ಲೆಗೆ ಹೊರಗಿನ ವಿದ್ಯೆಯೂ ಅಲ್ಲ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆಗೂಡಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಹಿಡಿದರು. ಆಕಾಶದಿಂದ ಸುರಿಯುವ ಉಳಿದ ಕಣಗಳು ಅಷ್ಟು ಬಂಡೆಯನ್ನು ದಾಟಲಾರದೆ ಸೋಲುತ್ತವೆ; ನ್ಯೂಟ್ರಿನೋ ಬಂಡೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಚಿನ್ನಕ್ಕೆಂದು ತೋಡಿದ ಗುಂಡಿ ಹೀಗೆ ಬೇರೊಂದಕ್ಕೆ ಒದಗಿತು.

ಹೊಟ್ಟೆಪಾಡಿನ ಮಾತಿಗೆ ಬಂದರೆ ದಾರಿಗಳು ಇಲ್ಲದಿಲ್ಲ. ಜಾಮ್ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ಐಐಟಿಗಳ ಎಂ.ಎಸ್ಸಿ.ಗೋ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೋ ಸೇರಬಹುದು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಆ ಪರೀಕ್ಷೆ ಊರು ಕೇಳುವುದಿಲ್ಲ, ಅಪ್ಪನ ಜಮೀನು ಎಷ್ಟೆಂದೂ ಕೇಳುವುದಿಲ್ಲ.

ವಿರೋಧ

ನಾನೂ ಇದೇ ಜಿಲ್ಲೆಯಲ್ಲಿ ಬಿ.ಎಸ್ಸಿ.ಗೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದವನು. ಈಗ ನರಸಾಪುರದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರಿಶೀಲಿಸುತ್ತೇನೆ. ಪಕ್ಕದಲ್ಲಿ ಕೂರುವವನು ಹತ್ತನೇ ತರಗತಿಯ ನಂತರ ಡಿಪ್ಲೊಮಾ ಮಾಡಿದವನು. ನನಗಿಂತ ಮೊದಲೇ ಸೇರಿದ, ಸಂಬಳವೂ ಹೆಚ್ಚು. ಅವನ ಮೇಲೆ ಹೊಟ್ಟೆಕಿಚ್ಚಿಲ್ಲ. ಲೆಕ್ಕವನ್ನಷ್ಟೇ ಹೇಳುತ್ತಿದ್ದೇನೆ.

ಲೆಕ್ಕ ಹೀಗಿದೆ. ಬಿ.ಎಸ್ಸಿ.ಗೆ ಮೂರು ವರ್ಷ. ಹೈಸ್ಕೂಲು ಮೇಷ್ಟ್ರಾಗಲು ಬಿ.ಎಡ್.ನ ಎರಡು ಸೇರಿಸಿ. ಪಿ.ಯು. ಉಪನ್ಯಾಸಕರಾಗಬೇಕೆಂದರೆ ಎಂ.ಎಸ್ಸಿ.ಯ ಇನ್ನೆರಡು. ಆಮೇಲೆ ನೇಮಕಾತಿ ಅಧಿಸೂಚನೆಗೆ ಕಾಯುವ ವರ್ಷಗಳಿವೆಯಲ್ಲ, ಅವನ್ನು ಯಾವ ವಿಶ್ವವಿದ್ಯಾಲಯವೂ ಪಠ್ಯಕ್ರಮದಲ್ಲಿ ಅಚ್ಚು ಹಾಕಿಸುವುದಿಲ್ಲ. ಒಂದು ವಾರ ಟೊಮೆಟೊ ಬೆಲೆ ಬಿದ್ದರೆ ಹಣ್ಣನ್ನು ರಸ್ತೆಗೆ ಸುರಿಯುವ ಮನೆಗಳಲ್ಲಿ, ದೊಡ್ಡ ಮಗ ಏಳು ವರ್ಷ ಪುಸ್ತಕ ಹಿಡಿದು ಕೂರುವುದೆಂದರೆ ತಂಗಿಯ ಓದೋ ಮದುವೆಯೋ ಹಿಂದಕ್ಕೆ ಹೋಯಿತೆಂದೇ ಅರ್ಥ. ಪದವಿಯ ಅವಧಿಯಾದರೂ ಗಟ್ಟಿಯೇ? 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಮರಳಿತು.

ಜಾಮ್ ಊರು ಕೇಳುವುದಿಲ್ಲ, ನಿಜ. ಇಂಗ್ಲಿಷ್ ಕೇಳುತ್ತದೆ. ಹತ್ತನೆಯವರೆಗೆ ‘ಆವೇಗ’, ‘ವೇಗೋತ್ಕರ್ಷ’ ಎಂದು ಕಲಿತವನಿಗೆ ಪಿ.ಯು.ಗೆ ಬಂದೊಡನೆ ಅವು ಬೇರೆ ಹೆಸರಿನಲ್ಲಿ ಎದುರಾಗುತ್ತವೆ. ಮೊದಲ ವರ್ಷವೆಲ್ಲ ಹಳೆಯ ಪರಿಚಯಸ್ಥರನ್ನೇ ಮತ್ತೆ ಪರಿಚಯ ಮಾಡಿಕೊಳ್ಳುವುದರಲ್ಲಿ ಕಳೆಯುತ್ತದೆ. ಆ ಬಿರುಕು ಪದವಿಯಲ್ಲೂ ಮುಚ್ಚುವುದಿಲ್ಲ.

ಕೆ.ಜಿ.ಎಫ್.ನ ಹೆಮ್ಮೆ ನನಗೂ ಇದೆ. ಆದರೆ ಗಣಿ 2001ರಲ್ಲಿ ಮುಚ್ಚಿತು, ಪ್ರಯೋಗಗಳು ಅದಕ್ಕೂ ಮೊದಲೇ ನಿಂತಿದ್ದವು. ಆ ಕೀರ್ತಿ ನಮ್ಮ ಕಾಲೇಜಿನಲ್ಲಿ ಬೆಳಕಿನ ಪ್ರಯೋಗಗಳಿಗೆಂದು ಇದ್ದ ಕತ್ತಲೆ ಕೋಣೆಯ ಬೀಗ ತೆಗೆಸಲಿಲ್ಲ.

ಶ್ರೀನಿವಾಸಪುರದ ಆ ಹುಡುಗಿಗೆ ಸಿಕ್ಕಂಥ ಮಧ್ಯಾಹ್ನ ನನಗೂ ಸಿಕ್ಕಿದ್ದರೆ ಬಹುಶಃ ಈ ಬರಹವನ್ನು ಬರೆಯುತ್ತಿರಲಿಲ್ಲ. ನಾವು ಓದಿದ ಕಡೆ ಹಿಂದಿನ ಬ್ಯಾಚಿನವರ ರೆಕಾರ್ಡ್ ಪುಸ್ತಕ ಕೈಯಿಂದ ಕೈಗೆ ಬರುತ್ತಿತ್ತು. ಕಾಲೇಜೇ ಅದನ್ನು ಕಂಡೂ ಕಾಣದಂತೆ ಸಹಿ ಹಾಕುತ್ತಿತ್ತು. ನನ್ನ ರೆಕಾರ್ಡ್ ಇಂದಿಗೂ ಮನೆಯ ಅಟ್ಟದ ಮೇಲಿದೆ. ಅದರಲ್ಲಿ ಸೋಡಿಯಂ ಬೆಳಕಿನ ತರಂಗಾಂತರ 589.3 ನ್ಯಾನೋಮೀಟರ್, ದಶಮಾಂಶದವರೆಗೂ ಸರಿ. ದೀಪ ಉರಿದದ್ದನ್ನು ಮಾತ್ರ ನಾನು ಒಮ್ಮೆಯೂ ನೋಡಲಿಲ್ಲ. ಅದು ಮೊದಲು ಕೆಂಪಗಿರುತ್ತದೆ ಎಂಬುದು ಮೇಲಿನ ಬರಹ ಓದಿದ ಮೇಲೆಯೇ ತಿಳಿಯಿತು.