ಕ್ಯಾನಿನೊಳಗಿನ ನಿಂಬೆ

ಬೆಂಗಳೂರಿನ ದೊಡ್ಡ ವೈನ್ ಅಂಗಡಿಗಳಲ್ಲಿ ಈಗ ಬಣ್ಣಬಣ್ಣದ ಕ್ಯಾನ್‌ಗಳ ಸಾಲು ಕಾಣುತ್ತದೆ. ಒಂದರಲ್ಲಿ ಮೊಹಿತೋ, ಇನ್ನೊಂದರಲ್ಲಿ ಮಾರ್ಗರಿಟಾ, ಮತ್ತೊಂದರಲ್ಲಿ ಜಿನ್ ಅಂಡ್ ಟಾನಿಕ್. ಬೆರೆಸಿದ್ದಾಗಿದೆ, ತೆರೆದು ಕುಡಿಯುವುದಷ್ಟೇ ಬಾಕಿ. ಇದನ್ನೇನೋ ಹೊಸ ಸಂಶೋಧನೆ ಅನ್ನುವ ಹಾಗೆ ಇಟ್ಟಿರುತ್ತಾರೆ. ನಮ್ಮ ಕಡೆ ಟೂರ್ ಹೊರಟ ಟೆಂಪೋ ಟ್ರಾವೆಲರ್‌ನ ಹಿಂದಿನ ಸೀಟಿನಲ್ಲಿ ಇದು ಯಾವ ಕಾಲದಿಂದಲೋ ಇದೆ. ಎರಡು ಲೀಟರ್ ಸ್ಪ್ರೈಟ್ ತೆಗೆದುಕೊಳ್ಳುವುದು, ಅರ್ಧ ಎಲ್ಲರಿಗೂ ಹಂಚಿ ಒಳ್ಳೆಯವರಾಗುವುದು, ಉಳಿದ ಅರ್ಧಕ್ಕೆ ವೋಡ್ಕಾ ಸುರಿದು ಮುಚ್ಚಳ ಬಿಗಿ ಮಾಡುವುದು. ಮುಂದಿನ ಸೀಟಿನ ಅತ್ತೆಗೆ ಮತ್ತೆ ಬಾಯಾರಿಕೆಯಾದಾಗ ಮಾತ್ರ ಸ್ವಲ್ಪ ಗಡಿಬಿಡಿ.

ಕಂಪನಿಯವರು ಬಾಟಲಿಗೆ ತುಂಬಿ ಮಾರುವುದೂ ಹಳೇ ಕಸುಬೇ. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನ ಹ್ಯೂಬ್ಲೈನ್ ಕಂಪನಿ 1892ರಲ್ಲೇ 'ಕ್ಲಬ್ ಕಾಕ್‌ಟೇಲ್ಸ್' ಅಂತ ಶುರು ಮಾಡಿತ್ತು. ಅದರ ಹಿಂದೊಂದು ಕತೆ ಇದೆ. ಯಾರದೋ ಪಿಕ್‌ನಿಕ್‌ಗೆ ಅಂತ ಮೊದಲೇ ಬೆರೆಸಿಟ್ಟಿದ್ದರಂತೆ. ಮಳೆ ಬಂದು ಪಿಕ್‌ನಿಕ್ ಕೆಟ್ಟಿತು. ಕೆಲವು ದಿನ ಬಿಟ್ಟು ಚೆಲ್ಲಲು ಹೋದವನು, ಚೆಲ್ಲುವ ಮುಂಚೆ ಒಂದು ಗುಟುಕು ನೋಡೇ ಬಿಡೋಣ ಅಂದನಂತೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ರುಚಿ ಕೆಟ್ಟಿರಲಿಲ್ಲ, ವ್ಯಾಪಾರ ಹುಟ್ಟಿತು.

ಕತೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ ಬಿಡಿ. ನನಗೆ ಮುಖ್ಯ ಅನಿಸಿದ್ದು ಅವರು ತುಂಬಿದ್ದು ಏನು ಅನ್ನುವುದು. ಮ್ಯಾನ್‌ಹಟನ್, ಮಾರ್ಟಿನಿ, ಅಂಥವು. ವಿಸ್ಕಿ, ಜಿನ್, ವರ್ಮೂತ್ ಎಂಬ ಮಸಾಲೆ ವೈನ್, ಬಿಟರ್ಸ್ ಎಂಬ ಕಹಿ ಹನಿ. ನಿಂಬೆರಸ ಇಲ್ಲ. ಅದೃಷ್ಟವೋ ಜಾಣತನವೋ, ಆ ಪಿಕ್‌ನಿಕ್‌ಗೆ ನಿಂಬೆ ಹಿಂಡಿದ್ದೇನಾದರೂ ಹೋಗಿದ್ದರೆ ಆ ಮನುಷ್ಯ ಗುಟುಕು ಕುಡಿದು ಮುಖ ಕಿವುಚಿ ಚರಂಡಿಗೆ ಸುರಿಯುತ್ತಿದ್ದ.

ಚಿತ್ರಾನ್ನ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಗ್ಗರಣೆ ಬೆಳಿಗ್ಗೆಯೇ ಮಾಡಿಟ್ಟರೂ ನಡೆಯುತ್ತದೆ, ನಿಂಬೆ ಮಾತ್ರ ಒಲೆ ಆರಿಸಿದ ಮೇಲೆ. ಹಿಂಡಿದ ನಿಂಬೆರಸ ಕೆಲವೇ ಗಂಟೆಗಳಲ್ಲಿ ಬದಲಾಗತೊಡಗುತ್ತದೆ. ಗಾಳಿ ತಾಗಿ ಘಮ ಹೋಗುತ್ತದೆ, ಒಂದು ಥರದ ಒಗರು, ಕಹಿ ಮೇಲೆ ಬರುತ್ತದೆ. ಕಾರ್ಖಾನೆಗೆ ತಿಂಗಳುಗಟ್ಟಲೆ ಬಾಳಿಕೆ ಬರುವ ಮಾಲು ಬೇಕು. ಬಿಸಿ ಮಾಡಬೇಕು. ಬಿಸಿ ಮಾಡಿದರೆ ಬೇಯಿಸಿದ ನಿಂಬೆಯ ವಾಸನೆ. ಅದಕ್ಕೇ ಎಷ್ಟೋ ಕ್ಯಾನ್‌ಗಳಲ್ಲಿ ಹುಳಿಯ ಕೆಲಸ ಸಿಟ್ರಿಕ್ ಆಸಿಡ್‌ನದು, ಘಮದ ಕೆಲಸ ಫ್ಲೇವರ್‌ನದು. ಮುಂಭಾಗದಲ್ಲಿ ಎರಡು ಹೋಳು ನಿಂಬೆಯ ಚಿತ್ರ, ನೀರಹನಿ ಸಮೇತ. ಹಿಂದೆ ತಿರುಗಿಸಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿದರೆ ಹಣ್ಣಿನ ಸುದ್ದಿಯೇ ಇರುವುದಿಲ್ಲ.

ಡೈಕಿರಿ ತೆಗೆದುಕೊಳ್ಳಿ. ರಮ್, ನಿಂಬೆ, ಸಕ್ಕರೆ. ಮೂರೇ. ಹುಟ್ಟಿದ್ದು ಕ್ಯೂಬಾದಲ್ಲಿ, ಸ್ಯಾಂಟಿಯಾಗೊ ಊರಿನ ಹತ್ತಿರದ ಗಣಿ ಪ್ರದೇಶದಲ್ಲಿ. ಅದೇ ಸ್ಯಾಂಟಿಯಾಗೊದಲ್ಲಿ 1862ರಲ್ಲಿ ಶುರುವಾದ ಬಕಾರ್ಡಿ ರಮ್ ನಮ್ಮ ನಂಜನಗೂಡಿನಲ್ಲೂ ತಯಾರಾಗುತ್ತದೆ. ರಸಬಾಳೆಯ ಊರಿಗೆ ಇಂಥದ್ದೊಂದು ನೆಂಟಸ್ತಿಕೆ. ನಿಂಬೆಗೆ ವಿಜಯಪುರದ ಇಂಡಿ ಇದೆ, ಅಲ್ಲಿನ ಹಣ್ಣಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಸಕ್ಕರೆಗೆ ಮಂಡ್ಯ ಇದ್ದೇ ಇದೆ. ಗಡಿ ದಾಟದೆ ಅಪ್ಪಟ ಕನ್ನಡದ ಡೈಕಿರಿ ಮಾಡಬಹುದು. ಯಾವ ಬಾರಿನವರಾದರೂ ರಾಜ್ಯೋತ್ಸವಕ್ಕೆ ಇದನ್ನು ಮೆನುವಿನಲ್ಲಿ ಹಾಕಲಿ, ನಾನು ಕಮಿಷನ್ ಕೇಳುವುದಿಲ್ಲ.

ಅದನ್ನು ಮಾಡುವುದನ್ನು ಹತ್ತಿರದಿಂದ ನೋಡಬೇಕು. 60 ಮಿಲಿ ರಮ್, 25 ನಿಂಬೆರಸ, 15 ಸಕ್ಕರೆ ಪಾಕ. ಶೇಕರ್ ತುಂಬ ಐಸ್. ಮೊದಲು ಗಟ್ಟಿ ಖಣಖಣ ಸದ್ದು. ಐಸಿನ ಮೂಲೆಗಳು ಸವೆದ ಹಾಗೆ ಸದ್ದು ಮೆತ್ತಗಾಗುತ್ತದೆ. ಸ್ಟೀಲಿನ ಹೊರಮೈ ಮಂಜು ಕಟ್ಟಿ ಬೆಳ್ಳಗಾಗುತ್ತದೆ, ಬಾರಿನ ಹುಡುಗ ಬೆರಳು ಬದಲಿಸುತ್ತಾನೆ. ಒಳಗೆ ಹೋದದ್ದು 100 ಮಿಲಿ, ಗ್ಲಾಸಿಗೆ ಬಂದದ್ದು 130ಕ್ಕೂ ಜಾಸ್ತಿ. ಆ ಹೆಚ್ಚುವರಿ ಬರೀ ನೀರು. ಮೋಸ ಅಂದುಕೊಳ್ಳಬೇಡಿ, ಆ ನೀರಿಲ್ಲದಿದ್ದರೆ ರಮ್ಮು ಗಂಟಲು ಸುಡುತ್ತದೆ, ಸಿಹಿ ನಾಲಿಗೆಗೆ ಅಂಟುತ್ತದೆ. ಅಷ್ಟೊತ್ತಿಗೆ ಅದು ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿದಿರುತ್ತದೆ. ನಮ್ಮ ಫ್ರಿಜ್‌ನಲ್ಲಿ ಇಡೀ ದಿನ ಇಟ್ಟ ಕ್ಯಾನು 4 ಡಿಗ್ರಿ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಮೇಲೆ ತೇಲುವ ಸಣ್ಣ ಐಸ್ ಚೂರು, ತೆಳು ನೊರೆ, ಎರಡೂ ಕ್ಯಾನಿನಲ್ಲಿ ಇಲ್ಲ. ಗ್ಲಾಸಿನಲ್ಲೂ ಒಂದೆರಡು ನಿಮಿಷವೇ ಇರುವುದು. ಫೋಟೋ ತೆಗೆಯುತ್ತಾ ಕೂತವರಿಗೆ ಅದೂ ಇಲ್ಲ.

ಬಾರಿನಲ್ಲಿ ಇನ್ನೊಂದು ಸುಖ, ಹೇಳಿದರೆ ಕೇಳುವವರಿದ್ದಾರೆ. "ಸ್ವಲ್ಪ ಹುಳಿ ಜಾಸ್ತಿ ಇರಲಿ ಗುರು" ಅಂದರೆ ಆಗುತ್ತದೆ. ಆದರೆ ಈ ಸುಖಕ್ಕೆ ಏಳೆಂಟು ನೂರು ರೂಪಾಯಿ, ಮೇಲೆ ತೆರಿಗೆ, ಸರ್ವಿಸ್ ಚಾರ್ಜು. ಸಂಗೀತದ ಅಬ್ಬರದಲ್ಲಿ ನೀವು ಹೇಳಿದ ಹುಳಿ ಅವನಿಗೆ ಸಿಹಿ ಅಂತ ಕೇಳಿಸಿದರೆ ಯಾರನ್ನು ಕೇಳುವುದು? ಕ್ಯಾನಿನಲ್ಲಿ ಈ ತಲೆನೋವಿಲ್ಲ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ. ಸೋಡಾ ಇರುವ ಡ್ರಿಂಕ್‌ಗಳಲ್ಲಂತೂ ಕ್ಯಾನಿನ ಗುಳ್ಳೆಗಳೇ ಜೋರು. ಎಷ್ಟೊತ್ತಿನ ಹಿಂದೆಯೋ ತೆರೆದಿಟ್ಟ ಟಾನಿಕ್ ಬಾಟಲಿಯಿಂದ ಸುರಿಯುವ ಬಾರಿಗಿಂತ ಸೀಲಾಗಿದ್ದ ಜಿನ್ ಅಂಡ್ ಟಾನಿಕ್ಕೇ ವಾಸಿ.

ಮತ್ತೆ ಕ್ಯಾನು ಎಲ್ಲಿಗೆ ಬೇಕಾದರೂ ಬರುತ್ತದೆ. ಅದರಿಂದ ಕಷ್ಟವೂ ಬರುತ್ತದೆ. 2019ರಲ್ಲಿ ಬ್ರಿಟನ್ನಿನ ಸಂಸದೆ ಡಯಾನ್ ಅಬಾಟ್ ಲಂಡನ್ನಿನ ರೈಲಿನಲ್ಲಿ ಕೂತು ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ ಕ್ಯಾನ್ ಮೊಹಿತೋ ಕುಡಿಯುತ್ತಿದ್ದ ಫೋಟೋ ಪತ್ರಿಕೆಯಲ್ಲಿ ಬಂತು. ಲಂಡನ್ನಿನ ನಗರ ಸಾರಿಗೆಯ ರೈಲುಗಳಲ್ಲಿ 2008ರಿಂದಲೇ ಮದ್ಯಕ್ಕೆ ನಿಷೇಧ. ಪಾಪ, ಕ್ಷಮೆ ಕೇಳಬೇಕಾಯಿತು. ಅದೂ ಮೊಹಿತೋಗೆ! ಪುದೀನ ಎಲೆಯನ್ನು ಆಗಷ್ಟೇ ಜಜ್ಜಿ ಹಾಕದಿದ್ದರೆ ಅದು ಮೊಹಿತೋ ಹೇಗಾಗುತ್ತದೆ?

ಹಾಗಂತ ಬಾರಿನಲ್ಲಿ ಸಿಗುವುದೆಲ್ಲ ಆಗಷ್ಟೇ ಮಾಡಿದ್ದು ಅಂತಲೂ ನಂಬಬೇಡಿ. ಒಳ್ಳೆಯ ಬಾರುಗಳೇ ಮದ್ಯದ ಪಾಲನ್ನು ಸಂಜೆಗೆ ಮುಂಚೆ ಅಳೆದು ಬಾಟಲಿಗೆ ತುಂಬಿಡುತ್ತವೆ. ಶನಿವಾರ ರಾತ್ರಿಯ ನೂಕುನುಗ್ಗಲಿಗೆ ಬೇರೆ ದಾರಿ ಇಲ್ಲ. 2013ರಲ್ಲಿ ರಯಾನ್ ಚೇತಿಯವರ್ಧನ ಎಂಬಾತ ಲಂಡನ್ನಿನಲ್ಲಿ ವೈಟ್ ಲಯನ್ ಅಂತ ಬಾರ್ ತೆರೆದರು. ಅಲ್ಲಿ ಐಸ್ ಇರಲಿಲ್ಲ, ನಿಂಬೆ ಇರಲಿಲ್ಲ, ಕೆಡುವ ವಸ್ತು ಯಾವುದೂ ಇರಲಿಲ್ಲ. ಎಲ್ಲ ಮೊದಲೇ ಬೆರೆಸಿ, ನೀರಿನ ಲೆಕ್ಕವನ್ನೂ ಸೇರಿಸಿ, ತಣ್ಣಗೆ ಮಾಡಿಟ್ಟದ್ದು. ಜನ ಮೂಗು ಮುರಿಯಲಿಲ್ಲ, ಜಗತ್ತೆಲ್ಲ ಹೊಗಳಿತು.

ಕಹಿ ಇಷ್ಟಪಡುವವರಿಗೆ ಬಾಟಲಿಯೇ ಗತಿ ಅಂದರೂ ಬೇಜಾರಿಲ್ಲ. ಇಟಲಿಯವರು 1932ರಿಂದ, ಕಂಪಾರಿ ಎಂಬ ಕಹಿ ಮದ್ಯಕ್ಕೆ ಸೋಡಾ ಬೆರೆಸಿದ ಕಂಪಾರಿ ಸೋಡಾವನ್ನು ಒಬ್ಬರಿಗೆ ಒಂದು ಅನ್ನುವ ಪುಟ್ಟ ಬಾಟಲಿಯಲ್ಲಿ ಮಾರುತ್ತಿದ್ದಾರೆ. ಬಾಟಲಿಯ ವಿನ್ಯಾಸ ಫೋರ್ಚುನಾಟೊ ಡೆಪೆರೊ ಎಂಬ ಕಲಾವಿದನದು, ಇವತ್ತಿಗೂ ಅದೇ ಆಕಾರ. ನೆಗ್ರೋನಿಯೂ ಅಷ್ಟೇ. ಜಿನ್, ಕಂಪಾರಿ, ಸಿಹಿ ವರ್ಮೂತ್ ಸಮಸಮ. ಹಾಳಾಗಲು ನಿಂಬೆರಸವೇ ಇಲ್ಲ. ಬಾಟಲಿಯಲ್ಲಿ ಬಂದದ್ದನ್ನು ಮನೆಯಲ್ಲಿ ದೊಡ್ಡ ಐಸ್ ಮೇಲೆ ಸುರಿದು, ಕಿತ್ತಳೆ ಸಿಪ್ಪೆಯೊಂದನ್ನು ಮೇಲೆ ಹಿಚುಕಿದರೆ ಮುಗಿಯಿತು.

ನಮ್ಮಲ್ಲಿನ ಎಷ್ಟೋ ಬಾರುಗಳಲ್ಲಿ ಇಷ್ಟು ಒಳ್ಳೆಯ ನೆಗ್ರೋನಿ ಸಿಗುವುದಿಲ್ಲ. ಕಾರಣ ವರ್ಮೂತ್. ಅದು ಮೂಲದಲ್ಲಿ ವೈನ್, ತೆರೆದ ಮೇಲೆ ಫ್ರಿಜ್‌ನಲ್ಲಿ ಇರಬೇಕು. ನಮ್ಮಲ್ಲಿ ಅದನ್ನು ಕೇಳುವವರು ಕಮ್ಮಿ, ಹಾಗಾಗಿ ಶೋಗೆ ಅಂತ ಮೇಲಿನ ಶೆಲ್ಫ್ ಸೇರಿರುತ್ತದೆ. ನೀವು ನೆಗ್ರೋನಿ ಹೇಳಿದ ಕೂಡಲೇ ಬಾರಿನ ಹುಡುಗ ಫ್ರಿಜ್ ಕಡೆ ತಿರುಗಿದರೆ ನೆಮ್ಮದಿಯಾಗಿ ಕೂರಿ. ಸ್ಟೂಲ್ ಎಳೆದುಕೊಂಡು, ಹತ್ತಿ, ಬಾಟಲಿಯ ಧೂಳು ಒರೆಸತೊಡಗಿದರೆ ಅಲ್ಲೇ ತಡೆದು ಒಂದು ಬಿಯರ್ ಹೇಳಿಬಿಡಿ.